ಮಾವನ ಮಾಸ್ಕು, ಅರಗಿನ ವಾಸನೆ

ಚನ್ನಪಟ್ಟಣ ತಾಲ್ಲೂಕಿನಲ್ಲೇ ನನ್ನ ಸೋದರಮಾವನಷ್ಟು ಸುರಕ್ಷಿತ ಮನುಷ್ಯ ಇನ್ನೊಬ್ಬರಿಲ್ಲ. ಅವರ ಅಪ್ಪಣೆಯಿಲ್ಲದೆ ಗಾಳಿಯೂ ಅವರ ಮೂಗಿನೊಳಗೆ ಹೋಗುವಂತಿಲ್ಲ!

ಮಾವ ಬೊಂಬೆ ಮಾಡುವವರು. ಮನೆ ಹಿಂದಿನ ಕೋಣೆಯಲ್ಲಿ ಲೇತ್ ಮಿಷನ್ ಮುಂದೆ ಕೂತು ಮರ ಕಡೆಯುತ್ತಾರೆ. ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತಿದರೆ ತಿಕ್ಕಾಟದ ಬಿಸಿಗೆ ಕರಗಿ ಹಿಡಿಯುತ್ತದೆ. ನಾನು ಕೆಲಸಕ್ಕಿರುವುದು ವಿಶ್ವವಿದ್ಯಾಲಯದ ಪರಿಸರ ಮತ್ತು ಔದ್ಯೋಗಿಕ ಆರೋಗ್ಯ ತರಬೇತಿ ಹಾಗೂ ಸಂಶೋಧನಾ ಕೇಂದ್ರದಲ್ಲಿ. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರು ಬಸ್ಸು ಹತ್ತಿರುತ್ತಾರೆ. ಬೊಂಬೆ ಕೆಲಸದವರಿಗೆ ಅಲ್ಲಿ ತರಬೇತಿ ಎಂದಾಗ ಮಾವನೂ ಬಂದರು. ನಮ್ಮ ಪ್ರೊಫೆಸರರು ಧೂಳಿನ ಅಪಾಯವನ್ನು ಎ.ಸಿ. ಹಾಲಿನಲ್ಲಿ, ಇಂಗ್ಲಿಷಿನಲ್ಲಿ, ಧೂಳನ್ನೇ ಕಾಣದವರ ಆತ್ಮವಿಶ್ವಾಸದಿಂದ ವಿವರಿಸಿದರು. ಮಾವ ಉದ್ದಕ್ಕೂ ತಲೆಯಾಡಿಸಿದರು. ಅರ್ಥವಾಯಿತೇ ಎಂದು ಕೇಳಿದೆ.

"ಏನೂ ಆಗ್ನಿಲ್ಲ ಕಣವ್ವ. ಆದ್ರೆ ಚೆನ್ನಾಗ್ ಮಾತಾಡ್ತಾನೆ."

ಆಮೇಲೆ ಉಸಿರಿನ ಪರೀಕ್ಷೆ. ಮಾವ ಕೊಳವೆಗೆ ಊದಿದರು, ಕೆಮ್ಮಿದರು, ಮತ್ತೆ ಊದಿದರು. ಡಾಕ್ಟರು ಪರದೆ ನೋಡಿ, ಶ್ವಾಸಕೋಶ ಆಗಲೇ ಸೊರಗಿದೆ, ಧೂಳು ಹೊಗೆ ಹೀಗೇ ಕುಡಿದರೆ ಮುಂದೆ ಮನೆ ಮೆಟ್ಟಿಲು ಹತ್ತುವುದೂ ಕಷ್ಟ ಎಂದರು.

"ನಿಮ್ ಮಿಷನ್ನೇ ಕೆಟ್ಟೈತೆ ಡಾಕ್ಟ್ರೇ, ಒಸಿ ಎಣ್ಣೆ ಬುಡಿ!"

ಪ್ರಮಾಣಪತ್ರ, ಮಾಸ್ಕು ಕೊಟ್ಟು ಫೋಟೊ ತೆಗೆದೆವು. ನಮ್ಮ ವರದಿಗೆ ಅಷ್ಟೇ ಬೇಕಿತ್ತು.

ಅಂದಿನಿಂದ ಮಾಸ್ಕು ಮಾವನ ಮುಖ ಬಿಟ್ಟಿದ್ದೇ ಅಪರೂಪ. ಮಾಗಡಿಯ ನೆಂಟರ ಮನೆಯಲ್ಲಿ ಒಗ್ಗರಣೆಗೆ ಮೆಣಸಿನಕಾಯಿ ಬಿದ್ದದ್ದೇ ತಡ, ಎಲ್ಲರನ್ನೂ ಅಂಗಳಕ್ಕೆ ಓಡಿಸಿದರು. ಒಲೆಯ ಮೇಲಿನ ಸಾರನ್ನು ಕಾಪಾಡುವವರು ಯಾರೂ ಉಳಿಯಲಿಲ್ಲ. ದೊಡ್ಡಮಳೂರಿನ ದೇವಸ್ಥಾನದಲ್ಲಿ ಮಂಗಳಾರತಿ ಹತ್ತಿರ ಬಂದಾಗ, "ಒಸಿ ದೂರದಿಂದ್ಲೇ ತೋರ್ಸಿ ಸ್ವಾಮಿ, ಹೊಗೆ ಐತೆ," ಎಂದರು. ಅರ್ಚಕರು ತೀರ್ಥ ಕೊಟ್ಟರು. ಮಾವ ಅದನ್ನು ಭಕ್ತಿಯಿಂದ ಮಾಸ್ಕಿನ ಮೇಲೇ ಸುರಿದುಕೊಂಡರು!

ಇಷ್ಟು ಎಚ್ಚರದ ಮನುಷ್ಯ ಲೇತಿನ ಮುಂದೆ ಕೂತೊಡನೆ ಏನು ಮಾಡುತ್ತಾರೆ ಗೊತ್ತೇ? ಮಾಸ್ಕು ಬಿಚ್ಚಿಡುತ್ತಾರೆ!

"ಯಾಕೆ ಮಾವ?"

"ಅರಗು ಹದಕ್ಕೆ ಬಂತೋ ಸೀದೋಯ್ತೋ ಅಂತ ಮೂಗೇ ಹೇಳ್ಬೇಕು. ಮೂಗು ಮುಚ್ಕೊಂಡ್ರೆ ನಿಮ್ ಪ್ರೊಫೆಸರ್ ಬಂದ್ ಹೇಳ್ತಾನಾ?"

"ಧೂಳಿರೋದೇ ಇಲ್ಲಿ ಅಲ್ವಾ?"

"ಅದ್ಕೇ ತೆಗ್ದಿಟ್ಟಿರೋದು. ಮಾಸ್ಕು ಕೊಳೆ ಆಗ್ಬಾರ್ದಲ್ಲ!"

ಈಚೆಗೆ ಕೆಮ್ಮು ಜಾಸ್ತಿಯಾಯಿತು. ಮಾವ ಮೆಟ್ಟಿಲ ನಡುವೆ ನಿಂತು ಗೋಡೆ ಹಿಡಿದದ್ದನ್ನು ಅತ್ತೆ ನೋಡಿಬಿಟ್ಟರು. ಮರುದಿನವೇ ತೀರ್ಪು ಹೊರಬಿತ್ತು: ಇನ್ನು ಮಾಸ್ಕು ಹಾಕಿಕೊಂಡೇ ಕಡೆಯಬೇಕು, ಪಕ್ಕದಲ್ಲಿ ಕೂತು ವಾಸನೆ ನೋಡಿ ಹೇಳುವುದು ಅತ್ತೆಯ ಕೆಲಸ. ಗಂಡನ ಮೂಗಿಗೆ ಹೆಂಡತಿಯ ಮೂಗು ಬದಲಿ! ನಮ್ಮ ಕೇಂದ್ರದ ಯಾವ ಸ್ಲೈಡಿನಲ್ಲೂ ಇಂಥ ವ್ಯವಸ್ಥೆ ಇಲ್ಲ.

ಕಳೆದ ಭಾನುವಾರ ಹೋದಾಗ ಇದೇ ನಡೆದಿತ್ತು.

"ಸೀದೈತೇನೇ?"

"ಇನ್ನೂ ಇಲ್ಲ, ಒತ್ತಿ."

"ಈಗ?"

ಅತ್ತೆ ಕೆಮ್ಮುತ್ತಿದ್ದರು.

ಮಾವ ಲೇತು ನಿಲ್ಲಿಸಿ ತಿರುಗಿ ನೋಡಿದರು. ಅತ್ತೆಯ ಸೆರಗಿನ ತುಂಬ ಮರದ ಬಿಳಿ ಪುಡಿ. ಎದ್ದು ಹೋಗಿ ಇನ್ನೊಂದು ಮಾಸ್ಕು ಹುಡುಕಿ ತಂದು, ಓಲೆಗೆ ಸಿಕ್ಕಿಕೊಳ್ಳದಂತೆ ಅತ್ತೆಯ ಕಿವಿಗೆ ನಿಧಾನವಾಗಿ ಹಾಕಿದರು.

"ಮತ್ತೆ ವಾಸ್ನೆ ಯಾರ್ ನೋಡ್ತಾರೆ?" ಅತ್ತೆ ಮಾಸ್ಕಿನೊಳಗಿಂದ ಕೇಳಿದರು.

"ಸೀದ್ರೆ ಸೀಯ್ಲಿ ಬುಡು."