ಹೊಟ್ಟೆಯೊಳಗಿನ ಗಡಂಗು

ಲೋಕವನ್ನು ತಿದ್ದಲು ಹೊರಟವನಿಗೆ ಹೊಟ್ಟೆ ಗಟ್ಟಿ ಇರಬೇಕು. ನನ್ನದು ಅಂಥ ಗಟ್ಟಿಯದಲ್ಲವೆಂದು ಈಗ ಒಪ್ಪಿಕೊಳ್ಳುತ್ತೇನೆ. ಬೋಳಾರದ ಒಂದು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ, ಕೆಲಸಗಾರರ ಬಾಯಲ್ಲಿ ‘ರೈಟರು’ ಆಗಿದ್ದ ನಾನು ಖಾದಿ ತೊಟ್ಟು, ಕಳ್ಳು ಬಿಡಿಸುವ ಚಳವಳಿಗೆ ಸೇರಿದ್ದ ಕಾಲವದು. ಸಂಜೆಯಾದರೆ ಮನೆಮನೆಗೆ ಹೋಗಿ ಕುಡಿತದ ಕೆಡುಕುಗಳನ್ನು ವಿವರಿಸುತ್ತಿದ್ದೆ. ಕೇಳುವವರಿಗೆ ಬೇಸರವಾಗುತ್ತಿತ್ತೋ ಏನೋ, ನನಗಂತೂ ಆಗುತ್ತಿರಲಿಲ್ಲ. ನಮ್ಮ ಕಡೆ ಮನೆಗೆ ಬಂದವರ ಮುಂದೆ ಮೊದಲು ಬೆಲ್ಲ, ನೀರು ಇಡುವುದು ಕ್ರಮ. ಸಂಜೆಗೆ ಏಳೆಂಟು ಮನೆ, ಮನೆಗೊಂದು ದೊಡ್ಡ ತುಂಡು. ಬೇಡವೆಂದರೆ ಮನೆಯವರಿಗೆ ಬೇಜಾರು. ಜನರ ಮನಸ್ಸು ನೋಯಿಸುವವನು ಸಮಾಜಸೇವೆ ಹೇಗೆ ಮಾಡಿಯಾನು?

ಕೆಲವು ತಿಂಗಳಲ್ಲಿ ಹೊಟ್ಟೆ ಉಬ್ಬರಿಸತೊಡಗಿತು. ಊಟವಾದರೆ ಗುಡುಗುಡು, ತೇಗಿದರೆ ಹುಳಿ ವಾಸನೆ. ಅದು ಯಾವ ವಾಸನೆಯೆಂದು ಮೊದಲು ಕಂಡುಹಿಡಿದವನು ದೂಮ. ಕಾರ್ಖಾನೆಯಲ್ಲಿ ಮಣ್ಣು ತುಳಿಯುವ ಈ ದೂಮ ನನ್ನ ಚಳವಳಿಯ ಒಂದೇ ಒಂದು ಫಲ. ಮೂರು ಸಲ ಜಾರಿ, ಮೂರು ಸಲವೂ ನಾಲ್ಕು ಜನರೆದುರು ನನ್ನಿಂದ ಬೈಸಿಕೊಂಡು, ಕಡೆಗೂ ಕಳ್ಳು ಬಿಟ್ಟಿದ್ದ. ಒಂದು ದಿನ ನಮ್ಮ ಅಂಗಳದಲ್ಲಿ ನಿಂತು ಮೂಗರಳಿಸಿ, “ಎಂತ ರೈಟರೇ, ಇದು ನನಗೆ ಗುರ್ತದ ವಾಸನೆಯಲ್ವಾ?” ಎಂದ. ಒಳಗಿದ್ದ ನನ್ನ ಹೆಂಡತಿ ಗಿರಿಜೆಗೆ ಅದು ಕೇಳಿಸಿತು.

ಮರುದಿನವೇ ಅವಳು ನನ್ನನ್ನು ಕೊಡಿಯಾಲ್‌ಬೈಲಿನ ಡಾಕ್ಟರರ ಮುಂದೆ ಕೂರಿಸಿದಳು. ಅವರು ಗಂಟಲಿಗೆ ರಬ್ಬರು ನಳಿಗೆ ಇಳಿಸಿ ಹೊಟ್ಟೆಯಲ್ಲಿದ್ದದ್ದನ್ನು ಮೇಲೆಳೆದರು. ನನ್ನ ಮಾನವೂ ಅದರ ಜೊತೆಯಲ್ಲೇ ಬಂತು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರು ಹಾಗೆಯೇ ನಗತೊಡಗಿದರು.

“ಕಳ್ಳು ಹುಳಿ ಬರಿಸುವ ಬೂಷ್ಟು ಉಂಟಲ್ಲ, ಅದರ ಜಾತಿಯದ್ದೇ ಮಾರಾಯರೆ. ಎಲ್ಲರ ಹೊಟ್ಟೆಯಲ್ಲೂ ಚೂರುಚೂರು ಇರ್ತದೆ. ಅದರಷ್ಟಕ್ಕೆ ಅದು ಇದ್ದರೆ ಉಪದ್ರ ಇಲ್ಲ. ನಿಮ್ಮಲ್ಲಿ ಸಂತೆಯೇ ನೆರೆದಿದೆ. ಸಿಹಿ ಎಷ್ಟು ತಿಂತೀರಿ?”

ನಾನು ಬೆಲ್ಲದ ಕತೆ ಹೇಳಿದೆ.

“ಸರಿಹೋಯ್ತು! ಊರಿನ ಕಳ್ಳಿನ ಗಡಂಗು ಮುಚ್ಚಿಸ್ಲಿಕ್ಕೆ ಹೋಗಿ ಹೊಟ್ಟೆಯಲ್ಲೇ ಒಂದು ತೆರೆದಿದ್ದೀರಿ. ಬೆಲ್ಲ ಪೂರಾ ಬಂದ್. ತಿಂದರೆ ಪುನಃ ನಳಿಗೆ.”

ಗಿರಿಜೆ ನನ್ನ ಮಾತನ್ನು ನಂಬುವ ಪೈಕಿಯಲ್ಲ. ದೂಮನನ್ನು ಕರೆದು, “ನಿಮ್ಮ ರೈಟರು ಬೆಲ್ಲ ಮುಟ್ಟಿದರೆ ಆ ದಿನವೇ ನನಗೆ ಹೇಳ್ಬೇಕು” ಎಂದು ಕಾವಲಿಗೆ ಹಾಕಿದಳು. ಇಷ್ಟು ದಿನ ಅವನ ಬಾಯಿ ಮೂಸುತ್ತಿದ್ದವನು ನಾನು. ಈಗ ನನ್ನ ಹಿಂದೆ ಅವನು. ಹನ್ನೊಂದು ದಿನ ಬರೀ ನೀರು ಕುಡಿದು ಭಾಷಣ ಮಾಡಿದೆ. ಬೆಲ್ಲವಿಲ್ಲದ ಭಾಷಣ ಎಷ್ಟು ಉದ್ದವೆಂದು ನನಗೆ ಆಗ ತಿಳಿಯಿತು.

ಹನ್ನೆರಡನೆಯ ದಿನ ಬಿಜೈಯ ಒಂದು ಮನೆ. ಅಲ್ಲಿಯ ಅಜ್ಜಿ ತಂದಿಟ್ಟದ್ದು ಹೊಸ ಬೆಲ್ಲ, ಇನ್ನೂ ಕಬ್ಬಿನ ಹಾಲಿನ ಪರಿಮಳ ಬಿಟ್ಟಿರಲಿಲ್ಲ. ಅಜ್ಜಿ ಒಳಗೆ ಹೋದರು. ದೂಮ ಬಾವಿಕಟ್ಟೆಯಲ್ಲಿ ಕಾಲು ತೊಳೆಯುತ್ತಿದ್ದ. ಕೈ ಯಾವಾಗ ಹೋಯಿತೋ ನಾನರಿಯೆ. ಅವನು ತಿರುಗಿ ಬರುವಾಗ ನನ್ನ ಎಡಗೆನ್ನೆ ಉಬ್ಬಿತ್ತು.

ಬೈಗುಳಕ್ಕೆ ತಯಾರಾಗಿ ಕುಳಿತೆ. ಅವನ ಜಾಗದಲ್ಲಿದ್ದರೆ ನಾನು ಬೈಯುತ್ತಿದ್ದೆ. ದೂಮ ಮಾತ್ರ ಮೆಲ್ಲಗೆ, “ಇರ್ಲಿ ರೈಟರೇ. ನಾನು ಮೂರು ಸರ್ತಿ ಬಿದ್ದವನಲ್ವಾ? ನಾಳೆಯಿಂದ ಪುನಃ ಸುರು ಮಾಡುವ” ಎಂದ.

ಇಂಥದೊಂದು ಮಾತನ್ನು ಅವನಿಗೆ ನಾನು ಒಮ್ಮೆಯೂ ಹೇಳಿರಲಿಲ್ಲ. ನಿಜವಾಗಿ ನಾಚಿಕೆಯಾಯಿತು. ಹಾಗೆಂದು ಬೆಲ್ಲವನ್ನು ಉಗುಳಲಿಲ್ಲ. ಅದನ್ನು ಬಲಗೆನ್ನೆಗೆ ಸರಿಸಿ, “ಗಿರಿಜೆಗೆ ಹೇಳ್ಬೇಡ ಮಾರಾಯ” ಎಂದು ಬೇಡಿಕೊಂಡೆ.

ದೂಮ ಪಾಪ, ನನ್ನೆದುರು ಕುಕ್ಕರುಗಾಲಿನಲ್ಲಿ ಕುಳಿತ. “ಅದು ಹೇಗೆ ರೈಟರೇ? ಅಮ್ಮನ ಮುಖ ನೋಡಿ ಸುಳ್ಳು ಹೇಳುವ ಧೈರ್ಯ ನನಗೆ ಕುಡಿದರೆ ಮಾತ್ರ ಬರುವುದು. ಅದನ್ನು ನೀವೇ ಬಿಡಿಸಿದ್ದಲ್ವಾ?”

ನನ್ನ ಚಳವಳಿ ಇಷ್ಟೊಂದು ಯಶಸ್ವಿಯಾದೀತೆಂದು ನಾನು ಎಣಿಸಿರಲಿಲ್ಲ.