ಬಚ್ಚಲಮನೆಯಲ್ಲಿ ಒಂದು ಸಾವು

ಸಾವಿನ ಸುದ್ದಿ ತಿಳಿದದ್ದು ಬೆಳಿಗ್ಗೆ, ಗುಮಾಸ್ತರು ಡ್ರೈಯರಿನ ಬಾಗಿಲು ತೆಗೆದು ಒಳಗೆ ಕೈ ಹಾಕಿದಾಗ. ಬಟ್ಟೆ ಒಣಗಿಸುವ ಆ ಯಂತ್ರದ ಹೊಟ್ಟೆಯಲ್ಲಿ ಮಗುವಿನ ಬಟ್ಟೆಗಳೆಲ್ಲ ಆಗ ತಾನೇ ಬಾವಿಯಿಂದ ಎತ್ತಿದಂತೆ ತಣ್ಣಗೆ ಮುದ್ದೆಯಾಗಿ ಕುಳಿತಿದ್ದವು. ಗುಂಡಿ ಒತ್ತಿದರು. ಯಂತ್ರ ಒಮ್ಮೆ ಗುರ್ ಎಂದಿತು, ಕೆಂಪು ದೀಪವೊಂದನ್ನು ಮಿಣುಕಿಸಿತು, ಮುನಿಸಿಕೊಂಡ ಸೋದರತ್ತೆಯಂತೆ ಸುಮ್ಮನಾಯಿತು.

ಸಂಜೆ ಹೆಂಡತಿ ಹಸುಗೂಸನ್ನು ಎತ್ತಿಕೊಂಡು ಆಸ್ಪತ್ರೆಯಿಂದ ಮನೆಗೆ ಬರುವವಳಿದ್ದಳು. ಇನ್ನು ಮಕ್ಕಳಾಗುವುದಿಲ್ಲವೆಂದು ಎಲ್ಲರೂ ಕೈಬಿಟ್ಟ ಮೇಲೆ ದೇವರು ಕಣ್ಣು ತೆರೆದಿದ್ದ. ಅವಳು ಗಂಡನನ್ನು ಕೇಳಿಕೊಂಡದ್ದು ಒಂದೇ ಮಾತು: "ರೀ, ಮಗು ಮನೆಗೆ ಬರೋ ಹೊತ್ತಿಗೆ ಬಟ್ಟೆ ಒಣಗಿ ಬೆಚ್ಚಗಿರ್ಲಿ. ಇನ್ನೇನೂ ಬೇಡ." ಹೊರಗೆ ವಾರದಿಂದ ಮಂಜು. ಹಗ್ಗಕ್ಕೆ ಹಾಕಿದ ಬಟ್ಟೆ ಒಣಗುವುದಿರಲಿ, ಇನ್ನಷ್ಟು ನೆನೆಯುತ್ತಿತ್ತು.

ಗುಮಾಸ್ತರು ತಲೆಯ ಮೇಲೆ ಕೈ ಹೊತ್ತು ಹೊರಗೆ ಬಂದರು. ಎದುರುಮನೆಯ ಅಜ್ಜಿ ಉಣ್ಣೆಯ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು ತಮ್ಮ ಗೇಟಿನಲ್ಲಿ ನಿಂತಿದ್ದರು.

"ಯಾಕಪ್ಪಾ, ಮುಖ ಇಷ್ಟು ಬಾಡಿದೆ?"

"ಏನ್ ಹೇಳ್ಲಿ ಅಜ್ಜಿ! ನಮ್ಮ ಡ್ರೈಯರ್ ಜೀವ ಹೋಯ್ತು!"

ಗುಮಾಸ್ತರ ಬಾಯಿಂದ ಡ್ರೈಯರ್ ಆಗಿ ಹೊರಟ ಮಾತು ರಸ್ತೆ ದಾಟಿ, ಮಂಜು ದಾಟಿ, ಉಣ್ಣೆ ದಾಟಿ ಅಜ್ಜಿಯ ಕಿವಿಗೆ ಡ್ರೈವರ್ ಆಗಿ ತಲುಪಿತು. ಆ ಬೀದಿಯಲ್ಲಿ ಡ್ರೈವರ್ ಎಂದರೆ ಒಬ್ಬನೇ, ಗುಮಾಸ್ತರ ಹೆಂಡತಿಯ ತಮ್ಮ. ಬಾಡಿಗೆ ಕಾರು ಓಡಿಸುವವನು. ಯಾರಿಗೆ ಎದೆನೋವು ಬರಲಿ, ಯಾರಿಗೆ ರೈಲು ತಪ್ಪಲಿ, ಕರೆದ ಕೂಡಲೇ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಓಡಿಬರುವವನು.

"ಅಯ್ಯೋ ದೇವರೇ! ಯಾವಾಗ?"

"ನಿನ್ನೆ ರಾತ್ರಿ ಎಲ್ಲಾ ಚೆನ್ನಾಗೇ ಇತ್ತು. ಬೆಳಿಗ್ಗೆ ಮುಟ್ಟಿ ನೋಡ್ತೀನಿ, ಮೈಯೆಲ್ಲಾ ತಣ್ಣಗೆ!"

"ಬಾಣಂತಿಗೆ ಗೊತ್ತಾ?"

"ದಮ್ಮಯ್ಯ, ಹೇಳ್ಬೇಡಿ! ಅವಳ ತವರಿನ ಕಡೆಯಿಂದ ಅಂತ ಉಳಿದಿದ್ದು ಇದೊಂದೇ."

ಅಜ್ಜಿ ಶಾಲನ್ನು ಬಾಯಿಗೊತ್ತಿಕೊಂಡು ಒಳಗೆ ಓಡಿದರು. ಒಂದು ಯಂತ್ರಕ್ಕಾಗಿ ಇಷ್ಟು ಮರುಗುವ ಜೀವವೂ ಉಂಟಲ್ಲ ಎಂದುಕೊಳ್ಳುತ್ತ ಗುಮಾಸ್ತರು ಒಳಗೆ ಬಂದರು.

ಅವರು ಕಚೇರಿಯ ಗೆಳೆಯನಿಗೆ ಫೋನು ಮಾಡಿ ಉಪಾಯ ಕೇಳಿದರು. "ಯಾವ ಡ್ರೈಯರಿಗಾದ್ರೂ ಬೆನ್ನಲ್ಲಿ ಒಂದು ದಪ್ಪ ಕೊಳವೆ ಇರುತ್ತೆ. ಅದರಲ್ಲಿ ನೂಲಿನ ಕಸ ಸಿಕ್ಕಿಕೊಂಡಿರುತ್ತೆ. ಕಿತ್ತು ತೆಗೀರಿ, ಅಷ್ಟೇ!" ಎಂದ ಗೆಳೆಯ. ಅವನ ಮನೆಯಲ್ಲಿ ಡ್ರೈಯರ್ ಇರಲಿಲ್ಲವಾದ್ದರಿಂದ ಅವನಿಗೆ ಯಾವ ಅನುಮಾನವೂ ಇರಲಿಲ್ಲ.

ಗುಮಾಸ್ತರು ಪ್ಲಗ್ಗು ಕಿತ್ತು, ಯಂತ್ರವನ್ನು ಗೋಡೆಯಿಂದ ಎಳೆದು ನೋಡಿದರು. ಕೊಳವೆ ಇಲ್ಲ. ಬಾಗಿಲ ಬಳಿಯ ಜಾಲರಿ ತೆಗೆದರು. ಅದರಲ್ಲಿ ಅಂಗೈಯಗಲ ಧೂಳು ಸಿಕ್ಕಿತು. ಒರೆಸಿ ಹಾಕಿ ಪ್ಲಗ್ಗು ಚುಚ್ಚಿ ನೋಡಿದರೂ ದೀಪ ಮಿಣುಕುವುದು ನಿಲ್ಲಲಿಲ್ಲ. ಕೊಳವೆ ಒಳಗಡೆ ಅಡಗಿರಬೇಕೆಂದು ಮತ್ತೆ ಪ್ಲಗ್ಗು ಕಿತ್ತು ಬೆನ್ನಿನ ತಗಡನ್ನೇ ಬಿಚ್ಚಿದರು. ಒಳಗೆ ಬೆಲ್ಟು, ತಂತಿ, ಉರುಳೆ ಎಲ್ಲ ಇದ್ದವು. ಕೊಳವೆ ಮಾತ್ರ ಇರಲಿಲ್ಲ.

ಹೀಗೆ ಮಧ್ಯಾಹ್ನ ಕಳೆಯುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ನೋಡಿದರೆ ಔಷಧಿ ಅಂಗಡಿಯವರು, ಟೈಲರಮ್ಮ, ಎದುರುಮನೆಯ ಅಜ್ಜಿ, ಅವರ ಹಿಂದೆ ಅರ್ಧ ಬೀದಿ. ಒಬ್ಬರ ಕೈಯಲ್ಲಿ ಚಹಾದ ಫ್ಲಾಸ್ಕು, ಇನ್ನೊಬ್ಬರ ಕೈಯಲ್ಲಿ ಬ್ರೆಡ್ಡು. ಎಲ್ಲರ ಮುಖವೂ ಮಂಜಿನಂತೆ ಮಸುಕಾಗಿತ್ತು.

"ವಿಷಯ ಗೊತ್ತಾಯ್ತು ಗುಮಾಸ್ತರೇ," ಎಂದರು ಔಷಧಿ ಅಂಗಡಿಯವರು. "ಅಂಗಡಿ ಮುಚ್ಚಿ ಬಂದೆ."

"ಇದಕ್ಕೆಲ್ಲಾ ಅಂಗಡಿ ಮುಚ್ಚೋದಾ!"

"ಇದಕ್ಕೆ ಮುಚ್ಚದೆ ಇನ್ಯಾವುದಕ್ಕೆ ಮುಚ್ಚೋದು?"

ಟೈಲರಮ್ಮ ಕಣ್ಣೊರೆಸಿಕೊಂಡರು. "ನಮ್ಮನೇಗೆ ಆಗಿರೋ ಉಪಕಾರ ಒಂದಾ ಎರಡಾ ಅಣ್ಣಾ? ಹೊತ್ತಿಲ್ಲ, ಗೊತ್ತಿಲ್ಲ. ಒಂದು ದಿನ ಬೇಸರ ಅಂತ ಇಲ್ಲ."

ಹೆಂಡತಿ ಇವರ ಬಟ್ಟೆಯನ್ನೂ ಒಣಗಿಸಿ ಕೊಡುತ್ತಿದ್ದಳೇನೋ ಎಂದುಕೊಂಡರು ಗುಮಾಸ್ತರು. ಪುಣ್ಯಾತ್ಗಿತ್ತಿ, ಹೇಳಿಕೊಂಡೇ ಇರಲಿಲ್ಲ.

"ಈಗ ಎಲ್ಲಿ ಇಟ್ಟಿದ್ದೀರಿ?" ಔಷಧಿ ಅಂಗಡಿಯವರು ದನಿ ತಗ್ಗಿಸಿದರು.

"ಬಚ್ಚಲಲ್ಲೇ. ಹೊರಗೆ ತರೋಕೆ ನಾಲ್ಕು ಜನ ಬೇಕು."

"ನಾಲ್ಕು ಜನ ಬೇಕೇ ಬೇಕಲ್ಲ. ನಾವಿದ್ದೀವಿ. ಡಾಕ್ಟರು ಏನಂದ್ರು?"

"ಡಾಕ್ಟರು ಯಾಕೆ? ನಾನೇ ಬಿಚ್ಚಿ ನೋಡಿದೆ."

ಔಷಧಿ ಅಂಗಡಿಯವರು ಗೋಡೆ ಹಿಡಿದುಕೊಂಡರು. "ನೀವೇ... ಬಿಚ್ಚಿ?"

"ಒಳಗೆಲ್ಲಾ ನೆಟ್ಟಗೇ ಇದೆ. ಇನ್ನು ಆಗೋದೇ ಇಲ್ಲ ಅಂತಾದ್ರೆ ಒಳಗಿನ ಭಾಗಗಳನ್ನ ಬೇಕಾದವರಿಗೆ ಕೊಟ್ಟುಬಿಡೋಣ ಅಂತಿದ್ದೀನಿ. ಮಣ್ಣುಪಾಲಾಗೋದು ಯಾಕೆ?"

ಗುಂಪಿನಲ್ಲಿ ನಿಟ್ಟುಸಿರು ಎದ್ದಿತು. "ಎಂಥಾ ದೊಡ್ಡ ಮನಸ್ಸು!" ಎಂದು ಯಾರೋ ಅಂದರು. "ಬನ್ನಿ, ನೋಡ್ತೀರಾ?" ಎಂದು ಗುಮಾಸ್ತರು ಕರೆದರೆ, ಎಲ್ಲರೂ ಒಟ್ಟಿಗೆ ಒಂದು ಹೆಜ್ಜೆ ಹಿಂದೆ ಸರಿದರು.

ಆಗ ಫೋನು ಬಂತು. ಹೆಂಡತಿ.

"ರೀ, ಹೊರಟಿದ್ದೀವಿ. ತಮ್ಮ ಕಾರು ತಂದಿದ್ದಾನೆ. ಬಟ್ಟೆ ಒಣಗ್ತಾ?"

ಗುಮಾಸ್ತರು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. "ಅದು... ಒಣಗ್ತಾ ಇದೆ. ಅಂದ್ರೆ, ಒಣಗೋ ಹಾಗಿದೆ."

"ಕೆಂಪು ದೀಪ ಮಿಣುಕ್ತಾ ಇದೆಯಾ?"

"ನಿನಗೆ ಹ್ಯಾಗೆ ಗೊತ್ತು?"

"ಮೇಲ್ಗಡೆ ಎಡಕ್ಕೆ ಒಂದು ಖಾನೆ ಇದೆ. ಎಳೀರಿ."

ಎಳೆದರು. ಖಾನೆಯಲ್ಲಿ ನೀರು ತುಳುಕುತ್ತಿತ್ತು.

"ಚೆಲ್ಲಿ ವಾಪಸ್ ಹಾಕಿ. ನಮ್ಮದು ಕೊಳವೆ ಇರೋದಲ್ಲ, ನೀರು ಹಿಡಿದಿಟ್ಟುಕೊಳ್ಳೋದು. ಬಟ್ಟೇಲಿದ್ದ ನೀರು ಎಲ್ಲಿಗೆ ಹೋಗುತ್ತೆ ಅಂದ್ಕೊಂಡಿದ್ರಿ ಇಷ್ಟು ವರ್ಷ? ಸ್ವರ್ಗಕ್ಕಾ? ದಿನಾ ಚೆಲ್ಲುತ್ತಾ ಇದ್ದವಳು ನಾನು!"

ಗುಮಾಸ್ತರು ನೀರು ಚೆಲ್ಲಿದರು, ಖಾನೆ ಸೇರಿಸಿದರು, ಬೆನ್ನಿನ ತಗಡು ಆಮೇಲೆ ಹಾಕಿದರಾಯಿತೆಂದು ಪ್ಲಗ್ಗು ಚುಚ್ಚಿ ಗುಂಡಿ ಒತ್ತಿದರು. ಯಂತ್ರ ಗುರ್ರೆಂದು ತಿರುಗತೊಡಗಿತು. ಅದರ ಬಾಗಿಲಿಗೆ ಅಂಗೈ ಇಟ್ಟರೆ ಸ್ವಲ್ಪ ಸ್ವಲ್ಪವೇ ಬಿಸಿ. ಅವರಿಗೆ ಕುಣಿಯುವಂತಾಯಿತು. ದೇವರಿಗೆ ಒಂದು, ಹೆಂಡತಿಗೆ ಎರಡು ನಮಸ್ಕಾರ ಹಾಕಿದರು. ಒಂದು ಗಂಟೆಗೂ ಮಿಕ್ಕಿ ಯಂತ್ರವನ್ನೇ ನೋಡುತ್ತ ಕಾವಲು ಕುಳಿತರು. ಹೊರಗೆ ನಡುಮನೆಯಲ್ಲಿ ಬೀದಿಯವರು ಪಿಸುಗುಡುತ್ತ ಚಹಾ ಕುಡಿಯುತ್ತ ಕಾದರು. ದುಃಖದಲ್ಲಿರುವವನನ್ನು ಒಂಟಿಯಾಗಿ ಬಿಡಬೇಕೆಂದು ಯಾರೂ ಬಾಗಿಲು ತಟ್ಟಲಿಲ್ಲ. ಇನ್ನೇನು ಬಟ್ಟೆ ಒಣಗಬೇಕು ಎನ್ನುವಾಗ, ಅಷ್ಟು ಮರುಗಿದ ಜನಕ್ಕೆ ಸಿಹಿಸುದ್ದಿ ಹೇಳದೆ ಕೂತೆನಲ್ಲ ಎಂದು ನೆನಪಾಗಿ ಗುಮಾಸ್ತರು ಬಾಗಿಲು ತೆರೆದು ಕೂಗಿದರು:

"ಜೀವ ಬಂತು! ಹೋದ ಜೀವ ವಾಪಸ್ ಬಂತು! ಮೈ ಬಿಸಿಯಾಗ್ತಾ ಇದೆ, ಬನ್ನಿ!"

ಔಷಧಿ ಅಂಗಡಿಯವರ ಕೈಯಿಂದ ಲೋಟ ಜಾರಿತು. ಎಲ್ಲರಿಗಿಂತ ಮೊದಲು ಎದ್ದವರು ಅಜ್ಜಿ. "ನೀರು, ನೀರು ಕೊಡ್ರೋ! ಅಷ್ಟು ದೂರ ಹೋಗಿ ಬಂದ ಜೀವ, ಬಾಯಾರಿರುತ್ತೆ!" ಎನ್ನುತ್ತ ಮೇಜಿನ ಮೇಲಿದ್ದ ದೊಡ್ಡ ಹೂಜಿಯನ್ನು ಎತ್ತಿಕೊಂಡು ಬಚ್ಚಲಿಗೆ ನುಗ್ಗಿದರು. ಒಳಗೆ ಡ್ರೈವರ್ ಇರಲಿಲ್ಲ. ಯಂತ್ರದ ಹಿಂದೆ ಬಗ್ಗಿ ನೋಡಿದರು. ಅಲ್ಲಿಯೂ ಇರಲಿಲ್ಲ.

"ಯಾರಿಗಜ್ಜಿ ನೀರು?" ಎಂದಿತು ಬೆನ್ನ ಹಿಂದೆ ಒಂದು ದನಿ.

ಅಜ್ಜಿ ತಿರುಗಿದರು. ಡ್ರೈವರ್! ಕಂಕುಳಲ್ಲಿ ಅಕ್ಕನ ಚೀಲ, ಮುಖದಲ್ಲಿ ನಗು. ಅಜ್ಜಿ ಕಿಟಾರನೆ ಕಿರುಚಿದರು. ಕೈಯಲ್ಲಿದ್ದ ಹೂಜಿ ಮೇಲೆ ಹಾರಿ, ತಿರುಗಿ, ತೆರೆದಿದ್ದ ಯಂತ್ರದ ಬೆನ್ನೊಳಗೆ ತನ್ನ ನೀರನ್ನೆಲ್ಲ ಸುರಿಯಿತು. ಟಪ್ಪೆಂದು ಸಿಡಿದ ಸದ್ದು, ಒಂದು ನೀಲಿ ಮಿಂಚು, ಸುಟ್ಟ ವಾಸನೆ. ಮನೆಯ ದೀಪಗಳೆಲ್ಲ ಆರಿದವು. ಉರುಳೆ ಒಮ್ಮೆ ನರಳಿ ನಿಂತಿತು.

ಕತ್ತಲಲ್ಲಿ ಯಾರು ಯಾರನ್ನು ಹಿಡಿದುಕೊಂಡು ಅತ್ತರೋ ತಿಳಿಯದು. ಮೋಂಬತ್ತಿ ಹಚ್ಚಿದಾಗ ಔಷಧಿ ಅಂಗಡಿಯವರು ಡ್ರೈವರನ ಕೈನಾಡಿ ಹಿಡಿದು ಎಣಿಸುತ್ತಿದ್ದರು. ಟೈಲರಮ್ಮ ಅವನ ಕೆನ್ನೆ ಚಿವುಟುತ್ತಿದ್ದರು. ವಿಷಯ ಒಂದೊಂದಾಗಿ ಹೊರಬಿತ್ತು.

"ಭಾವ," ಎಂದ ಡ್ರೈವರ್, "ನಾನು ಸತ್ತಿದ್ದೀನಿ ಅಂತ ನನಗೂ ಒಂದು ಮಾತು ಹೇಳ್ಬಾರ್ದಿತ್ತಾ?" ನಗಲು ಹೋದವನು, ತನಗಾಗಿ ಅಂಗಡಿ ಮುಚ್ಚಿ ಬಂದು ಕೂತಿದ್ದವರನ್ನು ನೋಡಿ ಸುಮ್ಮನೆ ಕೈಮುಗಿದ.

ಗುಮಾಸ್ತರು ಯಂತ್ರದ ಬಾಗಿಲು ತೆಗೆದು ನೋಡಿದರು. ಹೂಜಿಯ ನೀರು ಉರುಳೆಯ ತೂತುಗಳಿಂದ ಒಳಗಿಳಿದು ಬಟ್ಟೆಗಳು ಬೆಳಿಗ್ಗೆಗಿಂತ ಹೆಚ್ಚು ಒದ್ದೆಯಾಗಿದ್ದವು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಮಗು ಶಾಲಿನೊಳಗೆ ಮಿಸುಕುತ್ತಿತ್ತು. "ನೀನು ಕೇಳಿದ್ದು ಒಂದೇ ಒಂದು," ಎಂದರು ಗುಮಾಸ್ತರು. ತೊಟ್ಟಿಕ್ಕುವ ಪುಟ್ಟ ಅಂಗಿಯೊಂದನ್ನು ಎತ್ತಿ ತೋರಿಸಿದರು.

ಟೈಲರಮ್ಮ ಆಗಲೇ ಮನೆಗೆ ಓಡಿಯಾಗಿತ್ತು. ಬರುವಾಗ ತೋಳ ತುಂಬ ಮೆತ್ತನೆಯ ಹತ್ತಿ ಬಟ್ಟೆ, ಇಸ್ತ್ರಿಯ ಬಿಸಿ ಇನ್ನೂ ಆರಿರಲಿಲ್ಲ. ಔಷಧಿ ಅಂಗಡಿಯವರ ಮನೆಯಿಂದ ಕುಲಾವಿ ಬಂತು. ಇನ್ಯಾರೋ ಮೊಮ್ಮಗನ ಅಂಗಿಗಳನ್ನು ಎದೆಗೊತ್ತಿ ಬೆಚ್ಚಗೆ ಮಾಡಿಕೊಂಡು ತಂದರು. ಮಗು ಬೀದಿಯ ಬಟ್ಟೆಯನ್ನೆಲ್ಲ ಸುತ್ತಿಕೊಂಡು ಸುಖವಾಗಿ ಆಕಳಿಸಿತು. ಗುಮಾಸ್ತರು ಬಂದವರ ಮುಂದೆಲ್ಲ ತಲೆಬಾಗುತ್ತ ಹೋದರು. ಯಾರಿಗೆ ಎಷ್ಟು ಸಲ ಬಾಗಿದರೆಂಬುದು ಅವರಿಗೇ ತಿಳಿಯಲಿಲ್ಲ.

"ತಪ್ಪಾಯ್ತಪ್ಪಾ. ಬದುಕಿದ್ದನ್ನ ಕೊಂದುಬಿಟ್ಟೆ," ಎಂದರು ಅಜ್ಜಿ ಟೋಪಿ ಬಿಚ್ಚಿ. "ಆದ್ರೆ ಎಲ್ಲರೂ ಸೇರಿದ್ದೀವಿ, ಸತ್ತಿರೋದಂತೂ ಈಗ ನಿಜ. ಪ್ರಾರ್ಥನೆ ಮಾಡದೆ ಎದ್ದು ಹೋಗಬಾರದು."

ಯಾರೂ ನಗಲಿಲ್ಲ. ಮೋಂಬತ್ತಿಯ ಬೆಳಕಿನಲ್ಲಿ ಎಲ್ಲರೂ ಬಚ್ಚಲ ಬಾಗಿಲಿಗೆ ಬಂದು ನಿಂತರು. ಎಲ್ಲರಿಗಿಂತ ಮುಂದೆ ತಲೆ ತಗ್ಗಿಸಿ ನಿಂತವನು ಡ್ರೈವರ್.

ಅಜ್ಜಿ ಕಣ್ಣು ಮುಚ್ಚಿದರು. "ದೇವರೇ, ನಮ್ಮ ಒದ್ದೆಯನ್ನೆಲ್ಲಾ ತಾನು ಕುಡಿದು, ನಮಗೆ ಬೆಚ್ಚಗಿರೋದನ್ನ ಮಾತ್ರ ಕೊಟ್ಟು ಹೋಯ್ತು ಈ ಜೀವ. ಹಾಗೇ ನಮ್ಮನ್ನ ಬೆಚ್ಚಗಿಟ್ಟು ಮೊದಲೇ ಹೊರಟುಹೋದವರು ಎಲ್ಲರ ಮನೆಯಲ್ಲೂ ಇದ್ದಾರೆ. ಅವರಿಗೂ ಇದಕ್ಕೂ ನಿನ್ನ ಹತ್ತಿರ ಶಾಂತಿ ಸಿಗಲಪ್ಪಾ."