ನಾನು ಎತ್ತೋನು, ಎತ್ತಲ್ಲ!

ಅಕ್ಕೂರಿನ ಚರಿತ್ರೆಯಲ್ಲೇ ಯಾರೂ ಮಾಡದ ಸಾಧನೆಯನ್ನು ನಾನು ಮಾಡಿ ತೋರಿಸುತ್ತೇನೆ ಅಂತ ಒಂದು ಬೆಳಗ್ಗೆ ಹಲ್ಲುಜ್ಜುತ್ತಲೇ ಘೋಷಿಸಿಬಿಟ್ಟೆ. ಘೋಷಣೆ ಎಷ್ಟು ಜೋರಾಗಿತ್ತೆಂದರೆ, ಬಾಯಲ್ಲಿದ್ದ ಪೇಸ್ಟಿನ ನೊರೆ ಹಾರಿ, ನನ್ನ ಹೆಂಡತಿ ಬಿಡುತ್ತಿದ್ದ ರಂಗೋಲಿಯ ಪಕ್ಕದಲ್ಲೇ ಇನ್ನೊಂದು ರಂಗೋಲಿ ಬಿತ್ತು!

"ವನಜಾಕ್ಷಿ, ನೋಡ್ತಾ ಇರು. ಇನ್ನೊಂದು ವರ್ಷಕ್ಕೆ ನಿನ್ ಗಂಡ ಬೆಳೆದ ಟಗರನ್ನ ಒಂದೇ ದಮ್ಮಿಗೆ ಎತ್ತಿ ಹೆಗಲ ಮೇಲೆ ಮಡಿಕ್ಕತಾನೆ. ಜಿಮ್ಮೂ ಬೇಡ, ಪೌಡ್ರೂ ಬೇಡ!"

"ಮೊದ್ಲು ಬಾಯಿ ಮುಕ್ಕಳ್ಸಿ," ಅಂದಳು ಅವಳು, ತಲೆ ಎತ್ತದೆ.

ಈ ಘೋಷಣೆಗೆ ಕಾರಣ ಇತ್ತು. ಹಿಂದಿನ ದಿನ ಗ್ಯಾಸ್ ಸಿಲಿಂಡರ್ ಬಂದಿತ್ತು. ಬಿಡದಿಯ ಕಾರು ಫ್ಯಾಕ್ಟರಿಯಲ್ಲಿ ಹಗಲೆಲ್ಲಾ ಬೋಲ್ಟು ತಿರುಗಿಸುವ ಈ ಕನಕರಾಜು, ಅಂದರೆ ನಾನೇ, ಅದನ್ನು ಗೇಟಿನಿಂದ ಹೊಸ್ತಿಲ ತನಕ ಉರುಳಿಸಿ, ಅಲ್ಲೇ ಕೂತು ಏದುಸಿರು ಬಿಡುತ್ತಿದ್ದ. ಒಳಗಿಂದ ವನಜಾಕ್ಷಿ ಬಂದಳು. ಸೆರಗು ಸಿಕ್ಕಿಸಿದಳು. ಸಿಲಿಂಡರನ್ನು ಎತ್ತಿ ಸೊಂಟಕ್ಕೆ ಏರಿಸಿ, ಒಲೆ ಪಕ್ಕ ಇಟ್ಟು, ಮತ್ತೆ ಅವರೆಕಾಯಿ ಸುಲಿಯುತ್ತಾ ಕೂತಳು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ವಾಸಿಯಿತ್ತು! ಗಂಡಸಿನ ಮಾನ ಅಂತ ಒಂದು ಇರುತ್ತಲ್ಲ, ಅದಕ್ಕೆ ಆವತ್ತು ಇಡೀ ರಾತ್ರಿ ನಿದ್ದೆ ಬರಲಿಲ್ಲ.

ಟಗರು ಎಲ್ಲಿಂದ ಬಂತು ಅಂತೀರಾ? ನಮ್ಮ ಮಾವ ಕರಿಯಯ್ಯನವರು ಮಾಗಡಿ ಕಡೆ ಗುಡೇಮಾರನಹಳ್ಳಿಯವರು. ಒಂದಿಷ್ಟು ಹೊಲ, ಒಂದು ಜೊತೆ ಎತ್ತು, ಒಂದು ಕುರಿಮಂದೆ, ಇಷ್ಟೇ ಅವರ ಲೋಕ. ಆ ವಾರ ಅವರ ಮಂದೆಯಲ್ಲಿ ಒಂದು ಕುರಿ ಮರಿ ಹಾಕಿ ಕಣ್ಣು ಮುಚ್ಚಿತ್ತು. ತಬ್ಬಲಿ ಮರಿಯನ್ನು ಮಾವ ಸಿಲಿಂಡರ್ ಬಂದ ದಿನವೇ ಸಂಜೆ ತಂದು ಮಗಳ ಮಡಿಲಿಗೆ ಹಾಕಿದರು.

"ಬಂಡೂರು ತಳಿ ಕಣವ್ವ, ಒಳ್ಳೆ ಮೈ ಐತೆ. ನಿನ್ ಕೈಯಾಗೆ ಬದುಕ್ತದೆ. ಬೆಳ್ಸಿ ಕೊಡು, ಮುಂದಕ್ಕೆ ನಮ್ ಮಂದೇಗೆ ಇದೇ ಬೀಜದ ಟಗರು."

ಜೊತೆಗೆ ಬಂದಿದ್ದ ನನ್ನ ಬಾಮೈದ ಕುಮಾರ ಕಿಸಕ್ಕೆಂದ. "ಫ್ಯಾಕ್ಟ್ರಿ ಮನೇಲಿ ಟಗರು ಬೆಳೀತದೇನಪ್ಪಾ? ಸ್ಪ್ಯಾನರ್ ಬೆಳೀತದೆ!"

ವನಜಾಕ್ಷಿಗೆ ರೇಗಿಹೋಯಿತು. "ನೋಡ್ಲಾ ಕುಮಾರ, ಈ ಮರಿ ನಮ್ಮಪ್ಪನ ಮಂದೆ ಮುಂದೆ ರಾಜನಂಗೆ ನಡ್ಕೊಂಡು ಹೋಯ್ತದೆ. ಹೋಗ್ದಿದ್ರೆ ನಾನು ತವರಿನ ಹೊಸ್ತಿಲು ತುಳಿಯಾಕಿಲ್ಲ!"

ನಡ್ಕೊಂಡು. ಈ ಪದವನ್ನು ಅವತ್ತು ನಾನು ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು. ಕೇಳಿಸಿಕೊಳ್ಳಲಿಲ್ಲ. ನನ್ನ ತಲೆಯಲ್ಲಿ ಆಗಲೇ ವಿಜ್ಞಾನ ಓಡುತ್ತಿತ್ತು. ಮರಿ ಇವತ್ತು ಹೂವಿನ ಹಾಗೆ ಹಗುರ. ದಿನಾ ಎತ್ತುತ್ತೇನೆ. ಅದು ದಿನಾ ಒಸಿ ಒಸಿ ಬೆಳೆಯುತ್ತದೆ, ಅದರ ಜೊತೆ ನನ್ನ ಬಲವೂ ಒಸಿ ಒಸಿ ಬೆಳೆಯುತ್ತದೆ. ಅದು ಟಗರಾಗುವ ಹೊತ್ತಿಗೆ ನಾನು ಪೈಲ್ವಾನ! ಮರಿಗೆ 'ಡಂಬೆಲ್' ಅಂತ ನಾಮಕರಣವನ್ನೂ ಮಾಡಿದೆ.

"ಆ ಹೆಸ್ರು ನನ್ ಬಾಯಲ್ಲಿ ತಿರುಗಾಕಿಲ್ಲ," ಅಂದಳು ವನಜಾಕ್ಷಿ. "ಡಂಬ ಅಂತ ಕರೀತೀನಿ. ಮನೇಲಿ ಯಾರನ್ನ ಕರೆದ್ರೂ ಒಪ್ತದೆ."

ಬೆಳಗ್ಗೆ ಶಿಫ್ಟಿನ ಬಸ್ಸಿಗೆ ಮುಂಚೆ ಡಂಬನನ್ನು ಹೊತ್ತುಕೊಂಡು ಹಿಪ್ಪುನೇರಳೆ ತೋಟದ ಬದುವಿಗೆ ಹೋಗಿ ಮೇಯಲು ಬಿಡುವುದು, ಸಂಜೆ ಬಂದು ಹೊತ್ತುಕೊಂಡು ಮನೆಗೆ ತರುವುದು. ಮಳೆ ಬರಲಿ, ಹಬ್ಬ ಬರಲಿ, ನನಗೆ ಶೀತ ಬರಲಿ, ತಪ್ಪಿಸಲಿಲ್ಲ. ಈ ಮಹಾವ್ರತದ ಸುದ್ದಿಯನ್ನು ಫ್ಯಾಕ್ಟರಿಯಲ್ಲಿ ಪಕ್ಕದಲ್ಲಿ ನಿಲ್ಲುವ ಸಮೀವುಲ್ಲಾನಿಗೂ ಹೇಳಿದೆ. ಅವನು ರಾಮನಗರದಲ್ಲಿ ಜಿಮ್ಮಿಗೆ ಹೋಗುವವನು. ಅವನ ತೋಳು ನೋಡಿದರೆ ಅವನ ಅಂಗಿಯ ಮೇಲೆ ಕನಿಕರ ಹುಟ್ಟುತ್ತದೆ.

"ಲೇ ರಾಜು, ವಾರಕ್ಕೆ ಎಷ್ಟು ದಿನ ಎತ್ತೀಯ?"

"ವಾರದಲ್ಲಿ ಎಷ್ಟು ದಿನ ಐತೋ ಅಷ್ಟೂ!"

"ಅರೆ! ರೆಸ್ಟ್ ಡೇ ಯಾವಾಗ?"

"ರೆಸ್ಟಾ? ನಾನ್ ರಜ ಹಾಕಿದ್ರೆ ಮರಿ ರಜ ಹಾಕ್ತದಾ? ಆವತ್ತೂ ಅದು ಬೆಳೀತದೆ. ಆಮೇಲೆ ನಾನ್ ಹಿಂದ್ ಬೀಳ್ತೀನಿ!"

"ಮಸಲ್ ಬೆಳೆಯೋದು ಎತ್ತುವಾಗ ಅಲ್ಲ ಕಣ್ಲಾ, ಮಲಗಿದಾಗ. ಎತ್ತಿದಾಗ ಸಣ್ಣದಾಗಿ ಹರೀತದೆ, ರೆಸ್ಟ್ ಕೊಟ್ರೆ ಗಟ್ಟಿಯಾಗಿ ಕೂಡ್ಕೊತದೆ. ಲೈನ್ ನಿಲ್ಸಿ ಮೆಷಿನ್ನಿಗೆ ಎಣ್ಣೆ ಬಿಡಲ್ವಾ ನಾವು? ಒಂದಿನ ಬಿಟ್ಟು ಒಂದಿನ ಎತ್ತು, ಸಾಕು."

"ಮಲಗಿದ್ರೆ ಬೆಳೆಯಂಗಿದ್ರೆ ನಮ್ಮೂರ್ ಅರಳಿಕಟ್ಟೆ ಮೇಲೆ ಬಿದ್ಕಂಡಿರೋರೆಲ್ಲ ಪೈಲ್ವಾನ್ರಾಗ್ಬೇಕಿತ್ತು ಕಣ್ಲಾ!"

ಸಂಜೆ ಇದನ್ನು ಮನೆಯಲ್ಲಿ ಹೇಳಿ ನಗಿಸೋಣ ಅಂತ ಹೋದರೆ ವನಜಾಕ್ಷಿ ಸಮೀವುಲ್ಲಾನ ಪಕ್ಷ ಸೇರಿಬಿಟ್ಟಳು.

"ಆ ಅಣ್ಣ ಸರಿಯಾಗೇ ಹೇಳವ್ರೆ. ನಮ್ಮಪ್ಪ ಸೋಮವಾರ ನೊಗ ಮುಟ್ಟಾಕಿಲ್ಲ, ಬಸವಣ್ಣನ ವಾರ ಅಂತ. ಎತ್ತಿಗೇ ವಾರಕ್ಕೊಂದಿನ ರಜ ಐತೆ. ನಿಮಗೆ ಬ್ಯಾಡ್ವಾ?"

"ನಾನು ಎತ್ತೋನು ಕಣೇ, ಎತ್ತಲ್ಲ!"

ಆಹಾ! ಈ ಮಾತು ನನಗೇ ಎಷ್ಟು ಹಿಡಿಸಿತೆಂದರೆ ಇನ್ನೆರಡು ಸಲ ಹೇಳಿಕೊಂಡು ಒಬ್ಬನೇ ನಕ್ಕೆ. ವನಜಾಕ್ಷಿ ನಗಲಿಲ್ಲ. ಮುದ್ದೆ ಕಟ್ಟಿ ತಟ್ಟೆಗೆ ಹಾಕಿದಳು.

ತಿಂಗಳು ಕಳೆದವು. ಡಂಬ ಗಿಡ್ಡ ಕಾಲಿನ ಮೇಲೆ ಪೀಪಾಯಿಯಂತೆ ತುಂಬಿಕೊಂಡ. ಕೊಂಬಿಲ್ಲ, ಆದರೆ ತಲೆ ಮಾತ್ರ ಒಳ್ಳೆ ಗುಂಡುಕಲ್ಲು. ನನಗೂ ಭುಜ ಬಂತು, ಅಂಗಿಯ ಗುಂಡಿ ಹಾರಿತು. ಬೀದಿಯಲ್ಲಿ ಮೆರವಣಿಗೆ ಹೊರಟಾಗ ಪಕ್ಕದಮನೆ ಪುಟ್ಟಗೌರಮ್ಮ ಜಗಲಿಯಿಂದಲೇ ಕೇಳುತ್ತಿದ್ದರು: "ಪಾಪ, ಟಗರಿಗೆ ಕಾಲ್ ನೋವೇನಪ್ಪಾ ಕನಕರಾಜ?" ನಾನು ಉತ್ತರ ಕೊಡುತ್ತಿರಲಿಲ್ಲ. ಉತ್ತರ ಕೊಡಲು ಉಸಿರು ಬೇಕಲ್ಲ!

ಆಮೇಲೆ ಶುರುವಾಯಿತು ನೋಡಿ. ಡಂಬ ಏರುತ್ತಾ ಹೋದ, ನಾನು ಇಳಿಯುತ್ತಾ ಹೋದೆ. ಹೋದ ತಿಂಗಳು ಸಲೀಸಾಗಿ ಎತ್ತಿದ್ದನ್ನು ಈ ತಿಂಗಳು "ಅಯ್ಯಪ್ಪಾ" ಅಂತ ಎತ್ತುವ ಹಾಗಾಯಿತು. ತಲೆ ಬಾಚಲು ಕೈ ಏಳದು. ವನಜಾಕ್ಷಿಯೇ ಬಾಚಿ, ಬೈತಲೆ ತೆಗೆದು ಕಳಿಸುತ್ತಿದ್ದಳು. ಒಂದು ದಿನ ಲೈನಿನಲ್ಲಿ ಮೇಲಿನ ಬೋಲ್ಟಿಗೆ ಅಂತ ಕೈ ಎತ್ತಿದೆ ನೋಡಿ, ಹೋದ ಕೈ ವಾಪಸ್ ಬರಲಿಲ್ಲ! ಭುಜ ಹಿಡಿದುಕೊಂಡು ಹಾಗೇ ನಿಂತಿದ್ದೆ. ಸೂಪರ್‌ವೈಸರ್ ಬಂದು, "ಏನು ಡೌಟು, ಕೇಳ್ರಿ," ಅಂದರು.

"ಸಾರ್, ಡೌಟ್ ಇಲ್ಲ, ರೆಸ್ಟ್ ಇಲ್ಲ," ಅಂದ ಸಮೀವುಲ್ಲಾ, ನನ್ನ ಕೈಯನ್ನು ಎರಡೂ ಕೈಯಿಂದ ಹಿಡಿದು ಕೆಳಗಿಳಿಸುತ್ತಾ.

ಸೋತೆ. ಬರುವ ಭಾನುವಾರ ವಿಶ್ರಾಂತಿ ಪರ್ವ ಅಂತ ತೀರ್ಮಾನಿಸಿದೆ. ಬೆಳಗ್ಗೆ ಹೊದ್ದುಕೊಂಡು ಮಲಗಿದೆ. ಆಹಾ, ಏನು ಸುಖ! ಅಷ್ಟರಲ್ಲಿ ಬಾಗಿಲ ಹತ್ತಿರ "ಬ್ಯಾ" ಅಂತ ಕೇಳಿಸಿತು. ಆಮೇಲೆ ಇನ್ನೂ ಗಟ್ಟಿಯಾಗಿ "ಬ್ಯಾಆ!" ಆಮೇಲೆ ದಡ್ ಅಂತ ಬಾಗಿಲು ತೆರೆಯಿತು.

ಡಂಬ ಒಳಗೆ ಬಂದ. ಮಂಚದ ಪಕ್ಕ ಅಡ್ಡಡ್ಡಲಾಗಿ, ಎತ್ತಲು ಅನುಕೂಲವಾಗುವಂತೆ ನಿಂತುಕೊಂಡ. ನಾನು ಮಗ್ಗುಲು ಬದಲಿಸಿದೆ. ಅವನು ನಾಲ್ಕು ಹೆಜ್ಜೆ ಹಿಂದೆ ಹೋದ. ಟಗರು ಹಿಂದೆ ಹೋಗುವುದು ಯಾಕೆ ಅಂತ ನಮ್ಮ ಕಡೆ ಹಸುಗೂಸಿಗೂ ಗೊತ್ತು!

ಹಾರಿದೆ. ಮಂಚಕ್ಕೆ ಬಿತ್ತು ಗುದ್ದು. ನಾನು ಅಡಿಗೆಮನೆಗೆ, ಅಲ್ಲಿಂದ ಹಿತ್ತಲಿಗೆ. ಹಿಂದೆಯೇ ಅವನು. ಬಚ್ಚಲ ಕಲ್ಲಿನ ಹತ್ತಿರ ಎರಡನೇ ಗುದ್ದು ಸರಿಯಾದ ಜಾಗಕ್ಕೇ ಬಿತ್ತು. ತಿಪ್ಪೆಯ ಮೇಲೆ ನಾನು ಮಕಾಡೆ ಬಿದ್ದಾಗ ಪುಟ್ಟಗೌರಮ್ಮನವರು ಬೇಲಿಯಾಚೆಯಿಂದ, "ವಾಸಿ ಆಯ್ತು ಕಣಪ್ಪ, ಕಾಲ್ ನೋವು!" ಅಂತ ಸಂತೋಷಪಟ್ಟರು.

ವನಜಾಕ್ಷಿ ಹಗ್ಗ ತಂದು ಹಿಡಿದುಕೊಂಡಳು. ತೋಟದ ಕಡೆ ಎಳೆದಳು. ಡಂಬ ಗೇಟಿನ ಹತ್ತಿರ ಕುಕ್ಕರು ಬಡಿದ. ಸೊಪ್ಪು ತೋರಿಸಿದಳು, ಮುದ್ದು ಮಾಡಿದಳು, ಬೈದಳು. ಊಹೂಂ! ಅವನ ಲೆಕ್ಕದಲ್ಲಿ ಹಟ್ಟಿ ಒಂದು ಸ್ಟಾಪು, ತೋಟ ಒಂದು ಸ್ಟಾಪು, ಮಧ್ಯೆ ಓಡಾಡುವ ಬಸ್ಸು ನಾನು.

"ಇದಕ್ಕೆ ಗುದ್ದಾಕೆ ಓಡಾಕ್ ಬತ್ತದೆ, ಮೇಯಾಕೆ ನಡೆಯಾಕ್ ಬರಾಕಿಲ್ಲ ಕಣ್ರೀ!" ಅಂದಳು. ಹಾಗೆ ಅನ್ನುತ್ತಲೇ ಹಗ್ಗವನ್ನು ಗೇಟಿಗೆ ಕಟ್ಟಿ ಅಲ್ಲೇ ಕೂತುಬಿಟ್ಟಳು. "ರಾಜನಂಗೆ ನಡ್ಕೊಂಡು ಹೋಯ್ತದೆ ಅಂದಿದ್ದೆ. ಇನ್ನ ನಾನ್ ಎಂಗೆ ತವರಿಗೆ ಹೋಗ್ಲಿ?"

ತಿಪ್ಪೆ ಒರೆಸಿಕೊಳ್ಳುತ್ತಿದ್ದ ನನಗೆ ನಗು ನಿಂತುಹೋಯಿತು. ನನ್ನ ಭುಜದ ಆಸೆಗೆ ಅವಳ ತವರಿನ ದಾರಿಯನ್ನೇ ಕಟ್ಟಿಹಾಕಿದ್ದೆ! ತುಂಬಾ ಬೇಜಾರಾಯಿತು.

ಮಾರನೇ ದಿನ ಸಮೀವುಲ್ಲಾ ಕೇಳಿದ, "ರೆಸ್ಟ್ ಡೇ ಹೆಂಗಾಯ್ತು?"

"ಕಾರ್ಡಿಯೋ ಆಯ್ತು," ಅಂದೆ.

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿಸಿ ಆಜ್ಞೆ ಹೊರಡಿಸಿದ: "ಇನ್ನು ನಾನ್ ಹೇಳೋ ತನಕ ಒಂದು ಚೊಂಬೂ ಎತ್ತಬೇಡ!" ಅದೇ ಸಂಜೆ ಮಾವನ ಫೋನು: "ಮಂದೆಗೆ ಟಗರು ಬೇಕಾಗೈತೆ. ಬರೋ ಸೋಮವಾರ ಕರ್ಕಂಬನ್ನಿ. ಅವತ್ತು ಎತ್ತಿಗೆ ನೇಗ್ಲು ಕಟ್ಟಾಕಿಲ್ಲ, ನಾನೂ ಬಿಡುವಾಗಿರ್ತೀನಿ."

ಆ ವಾರವಿಡೀ ಡಂಬನಿಗೆ ಸೊಪ್ಪು ಹಟ್ಟಿಗೇ ಹೋಂ ಡೆಲಿವರಿ. ನಾನು ಹಿತ್ತಲ ಬಾಗಿಲಿನಿಂದ ಕಳ್ಳನ ಹಾಗೆ ಬಸ್ಸಿಗೆ ಓಡುತ್ತಿದ್ದೆ, ಸಂಜೆ ಅದೇ ದಾರಿಯಲ್ಲಿ ಬಂದು ಚಿಲಕ ಹಾಕಿ ಮಲಗುತ್ತಿದ್ದೆ. ವನಜಾಕ್ಷಿ ಮಾತ್ರ ಡಂಬನಿಗೆ ನಡಿಗೆ ಕಲಿಸುತ್ತಿದ್ದಳು. ಅವಳು ನಡೆಯುತ್ತಿದ್ದಳು, ಅವನು ಕೂತು ನೋಡುತ್ತಿದ್ದ.

ಸೋಮವಾರ ಗೂಡ್ಸ್ ಆಟೋದಲ್ಲಿ ಮೂವರೂ ಹೊರಟೆವು. ಗುಡೇಮಾರನಹಳ್ಳಿಯಲ್ಲಿ ಆಟೋ ಕೆರೆ ಏರಿಯ ತನಕ ಮಾತ್ರ ಹೋಗುತ್ತದೆ. ಆಚೆ ತುದಿಯಲ್ಲಿ ಮಂದೆ. ಮಂದೆಯ ಮುಂದೆ ಮಾವ, ಕುಮಾರ, ಅರ್ಧ ಊರು! ಅಕ್ಕೂರಿನ ಟಗರು ನಡೆದು ಬರುವುದನ್ನು ನೋಡಲು ಕುಮಾರ ಎಲ್ಲರನ್ನೂ ಕರೆದುಕೊಂಡು ಬಂದಿದ್ದ.

ಡಂಬನನ್ನು ಇಳಿಸಿದೆವು. ಅವನು ಏರಿಯನ್ನು ಈ ತುದಿಯಿಂದ ಆ ತುದಿಯ ತನಕ ನೋಡಿದ. ಕೂತ.

ವನಜಾಕ್ಷಿ ಎಳೆದಳು. ನಾನು ಹಿಂದಿನಿಂದ ತಳ್ಳಿದೆ. ಆಟೋದವನು ಹಾರ್ನ್ ಹೊಡೆದ. ಡಂಬ ಮೆಲುಕು ಹಾಕಲು ಶುರುಮಾಡಿದ.

"ಅಕ್ಕಾ," ಅಂತ ಆ ತುದಿಯಿಂದ ಕುಮಾರ ಕೂಗಿದ, "ರಾಜರಿಗೆ ಪಲ್ಲಕ್ಕಿ ಕಳಿಸ್ಲಾ?"

ಎಲ್ಲರೂ ನಕ್ಕರು. ವನಜಾಕ್ಷಿ ಹಗ್ಗ ಬಿಟ್ಟು ಆಟೋ ಕಡೆ ತಿರುಗಿದಳು. "ನಡೀರಿ, ಮನೆಗೆ ಹೋಗನ," ಅಂದಳು.

ನನಗೆ ತಡೆಯಲಿಲ್ಲ. ಪಂಚೆ ಎತ್ತಿ ಕಟ್ಟಿದೆ.

"ಬ್ಯಾಡ ಕಣ್ರೀ, ಇವತ್ತು ಎತ್ಬ್ಯಾಡಿ, ಸೊಂಟ ಹಿಡ್ಕತದೆ!"

ಬಗ್ಗಿದೆ. ತಬ್ಬಿದೆ. ಎತ್ತಿದೆ. ಅಲ್ಲಾ, ಇದೇನಿದು! ಡಂಬ ಹತ್ತಿಯ ಮೂಟೆಯಂತೆ ಮೇಲೆ ಬಂದು ಹೆಗಲ ಮೇಲೆ ಕೂತ. ಒಂದು ವಾರದ ನಿದ್ದೆ ಭುಜದಲ್ಲಿ ಬಲವಾಗಿ ನಿಂತಿತ್ತು. ಸಮೀವುಲ್ಲಾ, ನಿನ್ನ ಬಾಯಿಗೆ ಬಿರಿಯಾನಿ ಹಾಕ ಕಣಯ್ಯಾ ಅಂತ ಮನಸ್ಸಿನಲ್ಲೇ ಹರಸುತ್ತಾ ಏರಿಯ ಮೇಲೆ ಹೆಜ್ಜೆ ಹಾಕಿದೆ. ಡಂಬ ಎಡಕ್ಕೆ ಕೆರೆ, ಬಲಕ್ಕೆ ಗದ್ದೆ ನೋಡುತ್ತಾ ಬಂದ. ನಗುತ್ತಿದ್ದವರು ಬಾಯಿ ತೆರೆದುಕೊಂಡು ನಿಂತರು. ಕುಮಾರನಂತೂ ದಾರಿ ಬಿಟ್ಟು ಪಕ್ಕಕ್ಕೆ ಸರಿದ.

ಮಾವನ ಎದುರು ಡಂಬನನ್ನು ಇಳಿಸಿದೆ. ಅವನು ಮೂಗೆತ್ತಿ ಗಾಳಿ ಮೂಸಿದ. ಅಲ್ಲಿ ಮಂದೆ, ಮಂದೆಯ ತುಂಬಾ ಹೆಣ್ಣು ಕುರಿಗಳು! ಎದ್ದ ನೋಡಿ! ಎದೆ ಸೆಟೆಸಿ, ತಲೆ ಎತ್ತಿ, ಮಂದೆಯ ಮುಂದಕ್ಕೆ ರಾಜಗಾಂಭೀರ್ಯದಿಂದ ನಡೆದೇ ನಡೆದ. ಇಷ್ಟು ದಿನ ಹೊತ್ತ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ, ಕೃತಘ್ನ!

"ನಡೀತೋ ಇಲ್ವೋ? ಕಣ್ಬುಟ್ಟು ನೋಡ್ಲಾ ಕುಮಾರ!" ಅಂತ ವನಜಾಕ್ಷಿ ಕುಣಿದೇಬಿಟ್ಟಳು. ಅವಳ ಆ ಮುಖ ನೋಡಿ ನನ್ನ ಭುಜದ ನೋವೆಲ್ಲಾ ಮರೆತುಹೋಯಿತು.

ಮಾವ ಮಾತ್ರ ಟಗರಿನ ಕಡೆ ನೋಡಲೇ ಇಲ್ಲ. ನನ್ನ ಸುತ್ತ ಒಂದು ಸುತ್ತು ಬಂದರು. ಭುಜ ಹಿಸುಕಿದರು. ಬೆನ್ನಿನ ಮೇಲೆ ಅಂಗೈ ಆಡಿಸಿದರು. ಬಗ್ಗಿ ಮೀನಖಂಡ ಪರೀಕ್ಷಿಸಿದರು. ಹೊಗಳಿಕೆ ಬರುತ್ತಿದೆ ಅಂತ ನಾನು ಎದೆ ಉಬ್ಬಿಸಿ, ಉಸಿರು ಬಿಗಿಹಿಡಿದು ನಿಂತೆ.

"ವನಜೀ," ಅಂದರು ಮಾವ, "ಟಗರು ಎಂಗಾರ ಇರ್ಲಿ ಕಣವ್ವ. ಎತ್ತು ಬೋ ಚೆಂದಾಗಿ ಪಳಗ್ಸಿದ್ದೀಯ!"

ಅರ್ಧ ಊರು ಹೋ ಅಂದಿತು. ಬಿಗಿಹಿಡಿದಿದ್ದ ಉಸಿರು ಟುಸ್ ಅಂತ ಹೋಯಿತು.

"ಆದ್ರೂ ನೀನ್ ಮಾಡಿದ್ದು ತಪ್ಪು," ಅಂತ ಮಾವ ಮುಖ ಗಂಭೀರ ಮಾಡಿಕೊಂಡರು. "ಸೋಮ್ವಾರದ ದಿನ ಎತ್ತಿನ ಹೆಗಲ ಮೇಲೆ ಭಾರ ಏರುಸ್ತಾರೇನವ್ವ?"

ವನಜಾಕ್ಷಿ ನನ್ನ ಕಡೆ ಒಮ್ಮೆ ನೋಡಿದಳು. ಸೆರಗಿನಿಂದ ನನ್ನ ಬೆವರು ಒರೆಸಿದಳು.

"ನಾನ್ ಮೊದ್ಲೇ ಹೇಳ್ದೆ ಕಣಪ್ಪೋ," ಅಂದಳು. "ಎತ್ತು ಕೇಳ್ಬೇಕಲ್ಲ!"